ಕಾಕಾನ ಮೊಳಕಾಲಿನ ಬಟ್ಟೆ

ಇದರಲ್ಲಿ ತಪ್ಪುಗಳಿರಬಹುದು. ಕಾಕಾನಿಗೆ ಪೆಟ್ಟಾದದ್ದು ಎಡ ಮೊಳಕಾಲಿಗೆ ಎಂದು ಈಗ ಅನಿಸುತ್ತದೆ; ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ಬಲಗಾಲು ಎಂದೇ ನಂಬಿದ್ದೆ. ಆದರೆ ಬಟ್ಟೆ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋದದ್ದಂತೂ ಖರೆ.

ಕಾಕಾ, ಎಂದರೆ ಅಪ್ಪನ ತಮ್ಮ, ಹುಕ್ಕೇರಿಯ ಗರಡಿಯಲ್ಲಿ ಪಳಗಿದವನು. ಸಂಕೇಶ್ವರದ ಕಣದಲ್ಲಿ ಕೊಲ್ಲಾಪುರದ ಪೈಲ್ವಾನನೊಂದಿಗೆ ಅವನ ಕುಸ್ತಿ ಗೊತ್ತಾಗಿತ್ತು. ಅದಕ್ಕೆ ಮುಂಚೆಯೇ ಒಂದು ಬೆಳಿಗ್ಗೆ ಮೊಳಕಾಲು ತಿರುಚಿಕೊಂಡು ಕುಂಟುತ್ತ ಬಂದ. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರು ಬಂದು ಅವನನ್ನು ಪಡಸಾಲೆಯಲ್ಲಿ ಮಲಗಿಸಿ, ಮೊದಲು ನೋವಿಲ್ಲದ ಕಾಲನ್ನೇ ಮಡಚಿ, ಬಿಡಿಸಿ, ಎಳೆದು ನೋಡಿದರು.

“ಅದು ನೆಟ್ಟಗೈತಲ್ರಿ, ಇದನ್ನ ನೋಡ್ರಿ,” ಎಂದು ಕಾಕಾ ನರಳಿದ.

“ಸುಮ್ನ ಬೀಳಲೇ. ಅದರ ಹದಾ ತಿಳೀದ ಇದರ ಹದಾ ಹ್ಯಾಂಗ ತಿಳೀಬೇಕು?” ಆಮೇಲೆ ಊದಿದ ಮೊಳಕಾಲಿಗೆ ಕೈ ಹಚ್ಚಿದರು. “ಎಲುಬು ಮುರಿದಿಲ್ಲ. ಒಳಗಿನ ನರಾ ಸಡಲ್ಯಾವ. ದಸರಾ ತನಕ ಕಣಕ್ಕ ಇಳೀಬ್ಯಾಡ.”

ಹುಣಸೆ ಎಲೆಯ ಶಾಖ ಕೊಟ್ಟು, ಅರಿಶಿನ, ಸುಣ್ಣ, ಬೆಲ್ಲ ಕಲಸಿ ಹಚ್ಚಿ ಬಟ್ಟೆ ಸುತ್ತಿದರು. ಕಾಕಾ ಮಾತು ಕೇಳಲಿಲ್ಲ. ಹಿಂದೆ ಸರಿದರೆ ಅಂಜಿದ ಎನ್ನುತ್ತಾರೆಂಬುದೇ ಅವನ ಚಿಂತೆ.

ಕುಸ್ತಿ ಹತ್ತಿರ ಬಂದಾಗ ಬಟ್ಟೆ ಇನ್ನೊಂದು ಮೊಳಕಾಲಿನ ಮೇಲಿತ್ತು. ಆಯಿಗೆ, ಎಂದರೆ ನನ್ನ ಅಜ್ಜಿಗೆ, ಮಗ ನೋವಿನ ನೆಪ ಮಾಡುತ್ತಾನೆಂದು ಮೊದಲಿನಿಂದಲೂ ಅನುಮಾನ. ಸಂಕೇಶ್ವರಕ್ಕೆ ಕೊಟ್ಟಿದ್ದ ಅತ್ತೆ, ಕಾಕಾನ ಅಕ್ಕ, ಆ ದಿನ ತವರಿಗೆ ಬಂದಿದ್ದಳು. ಅವಳ ಎದುರಿಗೇ ಆಯಿ ಬಟ್ಟೆ ಕಿತ್ತಳು.

“ನೋಡವಾ ನಿನ್ನ ತಮ್ಮನ ನಾಟಕಾ! ಮೊನ್ನೆ ಆ ಕಾಲು, ಇವತ್ತ ಈ ಕಾಲು. ನಾಳೆ ತಲಿಗೆ ಕಟ್ಕೋತಾನ!”

ಕಾಕಾ ಬಾಗಿಲು ಮುಂದೆ ಮಾಡಿದ. “ಬಾಯಿ ಸಣ್ಣ ಮಾಡವ್ವಾ. ಬಟ್ಟಿ ಕಂಡ ಕಾಲಿಗೇ ಎದುರಿನಂವ ಕೈ ಹಾಕ್ತಾನ. ಅದಕ್ಕ ಚಲೋ ಕಾಲಿಗೆ ಕಟ್ಟೇನಿ.”

“ಭಾಳ ಶಾಣ್ಯಾ ಅದಿ ಬಿಡಪಾ,” ಎಂದು ಅತ್ತೆ ನಕ್ಕಳು. ಮರುದಿನ ತನ್ನೂರಿಗೆ ಹೋದಳು. ಕೊಲ್ಲಾಪುರದ ಪೈಲ್ವಾನ ಕುಸ್ತಿಗೆ ಬಂದಾಗ ಇಳಿದುಕೊಂಡದ್ದು ಅವಳ ಮಾವನ ಮನೆಯಲ್ಲೇ.

ನಾನು ಕಣದಲ್ಲಿರಲಿಲ್ಲ; ಅಪ್ಪ ಹೇಳಿದ್ದಷ್ಟೇ ಗೊತ್ತು. ಎದುರಾಳಿ ಬಟ್ಟೆಯ ಕಡೆ ಕಣ್ಣೂ ಹಾಯಿಸದೆ ಏನೂ ಕಟ್ಟದ ಮೊಳಕಾಲಿಗೇ ನುಗ್ಗಿದನಂತೆ. ಕಾಕಾ ಮತ್ತೆಂದೂ ಕುಸ್ತಿ ಆಡಲಿಲ್ಲ. ಈಗಲೂ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಾನೆ.

ಪಳಗಿದ ಪೈಲ್ವಾನನಿಗೆ ಕಾಕಾನ ನಡಿಗೆಯೇ ಗುಟ್ಟು ಹೇಳಿರಬಹುದು. ಆಯಿಯ ಗಂಟಲು ಓಣಿಗೆಲ್ಲ ಕೇಳಿಸಿರಬಹುದು. ಹೀಗೆಲ್ಲ ಸಮಾಧಾನ ಹೇಳಿಕೊಂಡರೂ, ಅತ್ತೆ ಬಂದಾಗಲೆಲ್ಲ ಕಾಕಾನ ಕಾಲಿಗೆ ತಾನೇ ಎಣ್ಣೆ ತಿಕ್ಕುವುದನ್ನು ಕಂಡರೆ ನನಗೆ ಅನುಮಾನ ಬರುತ್ತದೆ. ಹೋದ ಯುಗಾದಿಗೆ ಅವಳೊಬ್ಬಳೇ ಸಿಕ್ಕಾಗ ಕೇಳಿಯೇಬಿಟ್ಟೆ. ಅವಳು ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನಾನು ಕೇಳಿದ್ದು ಇಷ್ಟೇ:

“ಅತ್ತಿ, ಅವತ್ತ ಊರಿಗೆ ಹೋದ ಮ್ಯಾಲ ಆ ಬಟ್ಟಿ ಮಾತು ಯಾರ ಮುಂದರ ಆಡಿದ್ದೇನು ನೀ?”