ಮೈಲಮ್ಮ ವಾಪಸು ಕೊಟ್ಟ ಅಂಗಿ

ಮೈಲಮ್ಮನಿಗೆ ಸಿಟ್ಟು ಬಂದರೆ ಹರಿಹರದ ಹೊಳೆದಂಡೆಯಲ್ಲಿ ಯಾರೂ ಎದುರು ನಿಲ್ಲುವುದಿಲ್ಲ. ಆ ಸಿಟ್ಟು ನ್ಯಾಯವಾದದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ದೇವಸ್ಥಾನದ ಹತ್ತಿರ ನನ್ನದೊಂದು ಹಣ್ಣುಕಾಯಿ ಅಂಗಡಿ ಇದೆ. ಎಲ್ಲವನ್ನೂ ಕಣ್ಣಾರೆ ಕಂಡವನು ನಾನು.

ಊರೂರಿನಿಂದ ಬರುವ ಯಾತ್ರಿಕರು ತುಂಗಭದ್ರೆಯಲ್ಲಿ ಮುಳುಗು ಹಾಕಿ ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟು ಹೋಗುತ್ತಾರೆ. ಬಟ್ಟೆಯ ಜೊತೆ ಪೀಡೆಯೂ ತೊಲಗುತ್ತದಂತೆ. ತೊಲಗಿದ ಪೀಡೆ ಎಲ್ಲಿಗೆ ಹೋಗುತ್ತದೆ ಎಂದು ಒಬ್ಬ ಮಹಾನುಭಾವನೂ ಕೇಳಿದ್ದಿಲ್ಲ. ತೊಂಬತ್ತೇಳರ ಎಳ್ಳಮಾವಾಸ್ಯೆಯ ಮರುದಿನ ಅದು ಮೈಲಮ್ಮನ ಗಂಡ ಉಚ್ಚೆಂಗಪ್ಪನ ಕಾಲಿಗೆ ಸುತ್ತಿಕೊಂಡಿತು. ಕಲ್ಲಿಗೆ ಸಿಕ್ಕಿದ ಮೀನಿನ ಬಲೆ ಬಿಡಿಸಲು ತೆಪ್ಪದಿಂದ ಇಳಿದಿದ್ದ. ಹೆಣ ಮೇಲೆತ್ತಿದಾಗ ಎರಡೂ ಕಾಲಿಗೆ ಯಾರದೋ ನೈಲಾನ್ ಸೀರೆ ಬಿಗಿದಿತ್ತು.

"ಯಾರ ಸೀರಿ ಅಂತ ಗೊತ್ತಾಗಿದ್ರೆ ಆ ಒಬ್ಬಾಕಿನ್ನ ಹಿಡ್ಕಂಡು ಕೇಳ್ತಿದ್ದೆ. ಗೊತ್ತಿಲ್ಲಲ್ಲ, ಅದಕ್ಕ ಎಲ್ಲಾರ್ನೂ ಕೇಳ್ತೀನಿ," ಎಂದಳು ಮೈಲಮ್ಮ.

ಕೇಳಿದಳು. ಬೈದಳು, ಅಡ್ಡ ನಿಂತಳು, ಒಬ್ಬನ ಮುಖಕ್ಕೆ ಕೆಸರೂ ಎರಚಿದಳು. ದಂಡೆಯಲ್ಲಿ ಬಟ್ಟೆ ಬಿಡಬಾರದೆಂದು ಒಂದು ಬೋರ್ಡು ನೆಟ್ಟಿದ್ದಾಯಿತು. ಜನ ಅದರ ಮೇಲೆ ಪಂಚೆ ಒಣಹಾಕಿದರು. ಯಾರೋ ಬಂದು ಪರಿಸರದ ಭಾಷಣ ಮಾಡಿ, ಪ್ಲಾಸ್ಟಿಕ್ ಲೋಟದಲ್ಲಿ ಚಹಾ ಕುಡಿದು, ಲೋಟ ಅಲ್ಲೇ ಎಸೆದು ಹೋದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಮುಂದಿನ ವರ್ಷ ಮಹಾಲಯ ಅಮಾವಾಸ್ಯೆಯ ದಿನ ನೀರಿನಿಂದ ಎಳೆದ ಬಿಳಿ ಅಂಗಿಯೊಂದನ್ನು ನನ್ನ ಮುಂದೆ ಹಿಡಿದಳು. "ಅಣ್ಣಾ, ಕಾಲರ್‌ನಾಗ ಏನೋ ಬರ್ದೈತೆ, ಓದು." ದರ್ಜಿ ಹೊಲಿದ ಚೀಟಿ: ಖಲೀಲ್ ಟೈಲರ್, ವಿನೋಬನಗರ, ದಾವಣಗೆರೆ. ಓದಿ ಹೇಳಿದೆ. ಒಂಬತ್ತು ತಿಂಗಳ ಮೇಲೆ ಅವಳ ಮುಖದಲ್ಲಿ ನಗು ಕಂಡೆ. ಕಂಡು ನನಗೆ ಹೆದರಿಕೆಯೇ ಆಯಿತು.

ಅಂಗಿಯನ್ನು ಒಗೆದು, ಒಣಗಿಸಿ, ಮಡಿಸಿಕೊಂಡು ದಾವಣಗೆರೆ ಬಸ್ಸು ಹತ್ತಿದಳು. ಮನಸ್ಸು ತಡೆಯದೆ ನಾನೂ ಹೋದೆ. ಖಲೀಲ್ ತನ್ನ ಹೊಲಿಗೆಯನ್ನು ಕೂಡಲೇ ಗುರುತು ಹಿಡಿದ.

"ಪಂಚಾಕ್ಷರಪ್ಪ ಸಾವ್ಕಾರ್ರದು. ಅವರ ಎಡಗೈ ಒಂಚೂರು ಗಿಡ್ಡ ಐತೆ, ತೋಳು ನೋಡ್ರಿ. ಹಿಂದಿನ ಕ್ರಾಸ್‌ನಾಗ ಮನಿ."

ಸಾವ್ಕಾರರು ಹೆಂಡತಿ ಶಾಂತಕುಮಾರಿಯ ಜೊತೆ ಜಗಲಿಯಲ್ಲಿ ಕೂತಿದ್ದರು. ಮೈಲಮ್ಮ ಗೇಟಿನಲ್ಲೇ ನಿಂತು, ಓಣಿಯೆಲ್ಲ ಕೇಳುವಂತೆ ಕೂಗಿದಳು: "ಸಾವ್ಕಾರ್ರೇ, ಹೊಳ್ಯಾಗ ನಿಮ್ ಪೀಡಿ ಮರ್ತು ಬಂದಿದ್ರಿ! ಜ್ವಾಪಾನವಾಗಿ ತಂದೀನಿ, ತಗಳ್ರಿ!"

"ಅಯ್ಯೋ ಶಿವನೇ, ಒಳಗ ತರಬ್ಯಾಡವ್ವಾ! ಸಾಡೇಸಾತಿ ಈಗ ಬಿಟ್ಟೈತೆ!" ಶಾಂತಕುಮಾರಿ ಎದ್ದೇಬಿಟ್ಟರು. "ಅಕ್ಕಿ ಕೊಡ್ತೀನಿ, ಸೀರಿ ಕೊಡ್ತೀನಿ. ಅದನ್ನ ಹೊಳಿಗೇ ಹಾಕಿಬಿಡು!"

"ಸೀರಿ ಕೊಟ್ಟಿದ್ದು ಸಾಕ್ರೀ, ತಾಯಿ. ಅದರಾಗೇ ನಮ್ ಮನಿಯವ್ರು ಸತ್ತರು," ಎಂದು ಅಂಗಿಯನ್ನು ಗೇಟಿಗೆ ಕಟ್ಟಿ ಬಂದಳು. ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡರು. ನನಗಂತೂ ಹೊಟ್ಟೆ ತಣ್ಣಗಾಯಿತು.

ಆಮೇಲೆ ಕುಕ್ಕುವಾಡಕ್ಕೊಂದು ಜುಬ್ಬ ಹೋಯಿತು, ಸಾರಥಿ ಹಳ್ಳಿಗೊಂದು ರವಿಕೆ. ಸುದ್ದಿ ಬಸ್ಸಿಗಿಂತ ಮುಂಚೆ ಊರು ಮುಟ್ಟುತ್ತಿತ್ತು. ಕೆಲವು ಜಾಣರು ಚೀಟಿ ಕಿತ್ತು ಬಟ್ಟೆ ಬಿಟ್ಟರು. ಅವರ ಟೆಂಪೋದೊಳಕ್ಕೇ ಹಸಿಬಟ್ಟೆ ಬಿತ್ತು. ದೀಪಾವಳಿ ಅಮಾವಾಸ್ಯೆಗೆ ಬಂದವರೆಲ್ಲ ಬಟ್ಟೆ ಹಿಂಡಿ ಚೀಲಕ್ಕೆ ತುಂಬಿಕೊಂಡು ಹೊರಟರು. ಹೊಳೆಯ ಮೇಲಿನ ಪ್ರೀತಿಯಿಂದ ಅವರಲ್ಲಿ ಒಬ್ಬನೂ ಸುಧಾರಿಸಿರಲಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ.

ಅಂದು ಪಂಚಾಕ್ಷರಪ್ಪನವರೂ ಬಂದಿದ್ದರು. ನೀರು ಸೋರುವ ಚೀಲ ಎತ್ತಿ ತೋರಿಸಿದರು. "ನೋಡವ್ವಾ, ಒಂದು ಕರ್ಚೀಪೂ ಬಿಟ್ಟಿಲ್ಲ. ಇನ್ನಾದ್ರೂ ಸಿಟ್ಟು ಬಿಡು."

"ನಿಮ್ ಬಟ್ಟಿ ನಿಮ್ ಮನಿ ಸೇರ್ತು, ಚಲೋ ಆತು," ಎಂದಳು ಮೈಲಮ್ಮ. "ನಮ್ ಮನಿಯವ್ರನ್ನ ಮನಿಗೆ ಯಾರು ತಂದು ಬಿಡ್ತಾರ?"

ಸಾವ್ಕಾರರು ಎತ್ತಿದ ಚೀಲ ಕೆಳಗಿಳಿಸಿದರು. ಅವಳು ಸೆರಗು ಸಿಕ್ಕಿಸಿ, ತಳದಲ್ಲಿ ಉಳಿದ ಹಳೇ ಬಟ್ಟೆ ಎಳೆಯಲು ಮತ್ತೆ ನೀರಿಗಿಳಿದಳು.