ಹತ್ತಕ್ಕೆ ನಾಲ್ಕು

ಮಾವಶಿಯ ಬಲಗೈ ಬೆರಳುಗಳಿಗೆ ಬಿಸಿ ಗೊತ್ತಾಗುತ್ತಿರಲಿಲ್ಲ. ಹೆಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚಿ ಮಗುಚಿ ಬೆರಳ ತುದಿಗಳು ನುಣ್ಣಗಾಗಿದ್ದವು. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಖಾನಾವಳಿ. ಅಲ್ಲಿ ಉಣ್ಣುವವರೆಲ್ಲ ಅವರನ್ನು ಮಾವಶಿ ಎಂದೇ ಕರೆಯುತ್ತಿದ್ದೆವು, ಸ್ವಂತ ಚಿಕ್ಕಮ್ಮನನ್ನು ಕರೆಯುವ ಹಾಗೆ. ತೊಂಬತ್ತರ ದಶಕದಲ್ಲಿ ಚಚಡಿ ಎಂಬ ಹಳ್ಳಿಯಿಂದ ಕಾಲೇಜಿಗೆ ಬಂದು ರೂಮು ಹಿಡಿದಿದ್ದ ನಾನು ಮೂರು ವರ್ಷ ಅವರ ಕೈಯಡುಗೆ ಉಂಡವನು.

ಮಾವಶಿ ಕೇಳಿ ಬಡಿಸಿದವರೇ ಅಲ್ಲ. ನಮ್ಮ ಕಡೆ ಯಾರಾದರೂ ‘ಹಾಕ್ಲೇನು’ ಎಂದರೆ ಮೊದಲು ‘ಬ್ಯಾಡ್ರಿ’ ಎನ್ನುವುದೇ ಮರ್ಯಾದೆ. ಹೂಂ ಎಂದವನು ಹೊಟ್ಟೆಬಾಕ. ಬಡಿಸುವವರು ಆ ‘ಬ್ಯಾಡ’ವನ್ನು ಕಿವಿಗೆ ಹಾಕಿಕೊಳ್ಳದೆ ಗಂಗಾಳಕ್ಕೆ ಹಾಕಿಬಿಡಬೇಕು. ನಾನು ಕೈ ಅಡ್ಡ ಹಿಡಿದರೆ ಮಾವಶಿ ಕೈಯ ಮೇಲೆಯೇ ಬಿಸಿ ರೊಟ್ಟಿ ಒಗೆಯುತ್ತಿದ್ದರು.

“ಸುಮ್ನ ಉಣ್ಣೋ ಖೋಡಿ! ಪರೀಕ್ಷಾ ನೀ ಬರಿಯಾಂವೋ, ನಿನ್ನ ಎಲುಬು ಬರಿಯಾವೋ?”

ಬೆಳಗಾವಿಯಲ್ಲಿ ಹೋಟೆಲ್ ಕೋರ್ಸ್ ಮುಗಿಸಿ, ಎರಡು ಸಾವಿರದ ಇಸವಿ ದಾಟಿದ ಮೇಲೆ ಪ್ರವಾಸಿಗರ ದೊಡ್ಡ ಹಡಗೊಂದರಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಎಲ್ಲರಿಗೂ ಇರುವ ಊಟದ ಹಾಲ್ ಬಿಟ್ಟರೆ, ಶ್ರೀಮಂತರು ಬೇರೆ ಹಣ ಕೊಟ್ಟು ಉಣ್ಣುವ ವಿಶೇಷ ರೆಸ್ಟೋರೆಂಟುಗಳು ಮೂರಿದ್ದವು: ಇಟಲಿಯದೊಂದು, ಫ್ರಾನ್ಸಿನದೊಂದು, ಜಪಾನಿನದೊಂದು. ಮೊದಲ ರಜೆಗೆ ಬಂದವನೇ ಖಾನಾವಳಿಗೆ ಹೋಗಿ, ಜನರನ್ನು ಸುತ್ತ ಕೂರಿಸಿಕೊಂಡು ಜಂಬ ಕೊಚ್ಚಿದೆ.

“ಇಟಲೀದರಾಗ ರುಚಿ ಐತಿ, ಆದ್ರ ತಡಾ ಮಾಡ್ತಾರ. ಫ್ರಾನ್ಸಿಂದು ನೋಡಾಕ ಚಂದ, ಹೊಟ್ಟಿ ತುಂಬೂದಿಲ್ಲ. ಸರ್ವೀಸ್ ಅಂದ್ರ ಜಪಾನಿಂದು, ಹತ್ತಕ್ಕ ಒಂಬತ್ತು!”

ದಿನವೂ ಅಲ್ಲೇ ಉಣ್ಣುತ್ತಿದ್ದ ಸಾಲಿ ಮಾಸ್ತರರು ಕೇಳಿದರು: “ಹಂಗಾರ ನಮ್ಮ ಮಾವಶಿಗೆ ಎಷ್ಟು ಕೊಡ್ತೀಪಾ?”

“ನಾಕು,” ಎಂದೆ. “ರುಚಿಗೇನೂ ಕಡಿಮಿಲ್ರಿ. ಆದ್ರ ಬ್ಯಾಡ ಅಂದ್ರೂ ಗಂಗಾಳಕ್ಕ ಒಗೀತಾರ. ಅಲ್ಲಿ ಹಂಗ ಮಾಡಿದ್ರ ಮರುದಿನ ನೌಕರಿ ಇರೂದಿಲ್ಲ. ಕೇಳಿ ಬಡಸೂದು ನಾಗರಿಕರ ಪದ್ಧತಿ.”

ಎಲ್ಲರೂ ಗೊಳ್ಳೆಂದು ನಕ್ಕರು. ಮಾವಶಿಯೂ ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಮೆಲ್ಲಗೆ, “ಖರೇನ ನೀ ಆ ಮೂರರಾಗೂ ಉಂಡೀಯೇನೋ?” ಎಂದರು.

“ಮತ್ತ? ಉಣ್ಣದ ಹೇಳ್ತೇನೇನು?”

ಉಂಡಿರಲಿಲ್ಲ. ಮೂರರಲ್ಲಿ ಒಂದರಲ್ಲೂ ಒಂದು ತುತ್ತು ಉಂಡಿರಲಿಲ್ಲ. ಇಟಲಿಯದರಲ್ಲಿ ನಾನು ಎಂಜಲು ತಟ್ಟೆ ಎತ್ತುವವನು. ಉಳಿದೆರಡರ ಸುದ್ದಿಯೆಲ್ಲ ಗಿರಾಕಿಗಳು ಅಂಕ ಹಾಕಿ ಬಿಟ್ಟುಹೋದ ಚೀಟಿಗಳಿಂದ ಓದಿಕೊಂಡದ್ದು. ನಮ್ಮಂಥ ಕೆಲಸದವರ ಊಟ ಕೆಳಗಿನ ಅಂತಸ್ತಿನ ಮೆಸ್ಸಿನಲ್ಲಿ. ಇದನ್ನು ಬರೆಯುವಾಗಲೂ ಮೈ ಹಿಡಿಯಾಗುತ್ತದೆ, ಥೂ!

ಮರುವರ್ಷ ಹೋದಾಗ ಮಾವಶಿ ರೊಟ್ಟಿ ಹಿಡಿದು ನನ್ನ ಮುಂದೆ ನಿಂತರು. “ತಮ್ಮಾ, ಇನ್ನೊಂದು ಹಾಕ್ಲೇನು?”

ರೂಢಿಯಂತೆ ‘ಬ್ಯಾಡ್ರಿ’ ಎಂದೆ. ಅವರು ತಲೆಯಾಡಿಸಿ ರೊಟ್ಟಿಯನ್ನು ಬುಟ್ಟಿಗೆ ವಾಪಸು ಹಾಕಿದರು. ಪಕ್ಕದ ಹುಡುಗರೂ ‘ಬ್ಯಾಡ್ರಿ’ ಎಂದು ಅರೆಹೊಟ್ಟೆಯಲ್ಲಿ ಎದ್ದರು. ಹೊರಗೆ ಕೈ ತೊಳೆಯುವಲ್ಲಿ ಮಾಸ್ತರರು ನನ್ನನ್ನು ಹಿಡಿದುಕೊಂಡರು.

“ಏನ್ ಮಾಡಿ ಹೋದ್ಯೋ ಮಾರಾಯಾ! ಮದಲಿನಂಗ ಹಾಕ್ರಿ ಅಂತ ಎಷ್ಟು ಹೇಳಿದ್ರೂ ಕೇಳವಲ್ರು. ‘ಅಂವ ಮೂರು ಕಡೆ ಉಂಡು ಬಂದಾನ, ತಿಳದ ಹೇಳ್ಯಾನ’ ಅಂತಾರ. ನೀನ ಒಳಗ ಹೋಗಿ ಒಂದು ಮಾತು ಹೇಳು.”

ಒಳಗೆ ಹೋಗಿ ‘ನಾ ಸುಳ್ಳು ಹೇಳಿದ್ದೆ’ ಎಂದಿದ್ದರೆ ಮುಗಿಯುತ್ತಿತ್ತು. ಮಾಸ್ತರರ ಎದುರು ಎಂಜಲು ತಟ್ಟೆಯ ವಿಷಯ ಬಾಯಿಬಿಡಲು ನಾಚಿಕೆಯಾಯಿತು. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಮುಂದಿನ ರಜೆಗೆ ಬರುವಷ್ಟರಲ್ಲಿ ಮಾವಶಿ ತೀರಿಕೊಂಡು ಎರಡು ತಿಂಗಳಾಗಿತ್ತು. ಒಲೆಯ ಮುಂದೆ ಅವರ ಮಗಳಿದ್ದರು. ಉಣ್ಣುತ್ತ, ಏನಾಗಿತ್ತೆಂದು ಕೇಳಿದೆ.

“ಜ್ವರ ಬಂದಿದ್ದುವ್ರಿ. ಹಾಸಿಗಿ ಹಿಡದ ಮ್ಯಾಲ ಅವ್ವ ಏನೂ ಬ್ಯಾಡ ಬ್ಯಾಡ ಅಂತಿದ್ಲು. ಗಂಜಿ ಕುಡೀತಿಯೇನು ಅಂತ ಕೇಳ್ತಿದ್ದೆ, ಒಲ್ಲೆ ಅಂದ್ರ ಸುಮ್ನಾಗ್ತಿದ್ದೆ. ಬ್ಯಾಡ ಅಂದವರಿಗೆ ಒತ್ತಾಯ ಮಾಡಬಾರದು ಅಂತ ಆಕಿನ ಕಲಿಸಿದ್ಲಲ್ರಿ. ಒಂದೊಂದ ಸಲ ಅನಸ್ತೈತಿ, ಒತ್ತಾಯ ಮಾಡಿದ್ರ ಕುಡೀತಿದ್ಲೋ ಏನೋ.”

ಎತ್ತಿದ ತುತ್ತನ್ನು ಗಂಗಾಳದಲ್ಲೇ ಇಟ್ಟೆ. ಆ ಮೂರರಲ್ಲಿ ಯಾವುದರಲ್ಲೂ ನಾನು ಉಂಡವನಲ್ಲ, ಅಲ್ಲಿ ತಟ್ಟೆ ಎತ್ತುತ್ತಿದ್ದೆ, ಎಲ್ಲವೂ ಸುಳ್ಳು ಎಂದು ಅವರ ಮಗಳ ಮುಂದೆ ಹೇಳಿದೆ.

ಆಕೆ ಹೆಂಚಿನ ಮೇಲಿನ ರೊಟ್ಟಿ ಮಗುಚಿದರು. ಬೈಯಲಿಲ್ಲ, ಉಣ್ಣಿರಿ ಎಂದು ಒತ್ತಾಯವನ್ನೂ ಮಾಡಲಿಲ್ಲ. “ಈಗ ಹೇಳಿ ಏನ್ ಮಾಡೂದೈತ್ರಿ?” ಎಂದರು. “ಏಳ್ರಿ, ಕೈ ತೊಳ್ಕೋರಿ.”