ಟೇಪು ಅಂಟಿಸಿದ ನೀಲಿ ಪೋರ್ಟುಗಳು

ಜಾಲಹಳ್ಳಿಯ ನಮ್ಮ ಬೀದಿಯಲ್ಲಿ ಗುರುರಾಜರಷ್ಟು ಜೋಪಾನದ ಮನುಷ್ಯ ಇನ್ನೊಬ್ಬರಿಲ್ಲ. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಸ್ಟೋರ್ಸ್ ನೋಡಿಕೊಂಡು ನಿವೃತ್ತರಾದವರು. ಅವರ ಮನೆಯ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಆ ಕವರಿಗೆ ಇನ್ನೊಂದು ಕವರು. ಪಕ್ಕದ ಮನೆಯವನಾದ ನಾನೇ ಅವರ ಸೋಫಾ ಬಣ್ಣ ಇನ್ನೂ ನೋಡಿಲ್ಲ, ಅದಕ್ಕೆ ಹೊದಿಸಿದ ಬೆಡ್‌ಶೀಟನ್ನಷ್ಟೇ ನೋಡಿದ್ದೇನೆ.

ಹತ್ತು ವರ್ಷದ ಹಿಂದೆ ಅವರು ಕಂಪ್ಯೂಟರ್ ಕೊಂಡಾಗ ಅಂಗಡಿಯವನು, "ಸಾರ್, ಹಿಂದುಗಡೆ ನೀಲಿ ಯುಎಸ್‌ಬಿ ಪೋರ್ಟ್ ಎರಡಿದೆಯಲ್ಲ, ಸಕ್ಕತ್ ಸ್ಪೀಡು. ಮುಂದಿರೋ ಕಪ್ಪು ಪೋರ್ಟ್ ಸ್ಲೋ" ಎಂದಿದ್ದ. ಬೇರೆ ಯಾರೇ ಆಗಿದ್ದರೂ ಅವತ್ತೇ ನೀಲಿಗೆ ಪೆನ್‌ಡ್ರೈವ್ ಸಿಕ್ಕಿಸುತ್ತಿದ್ದರು. ನಮ್ಮವರು ಎರಡಕ್ಕೂ ಟೇಪು ಅಂಟಿಸಿದರು. ಒಳ್ಳೆಯದನ್ನು ದಿನಾ ಬಳಸಿದರೆ ಸವೆದುಹೋಗುತ್ತದಂತೆ. ನಾನು ಹೇಳಿ ಹೇಳಿ ಸೋತೆ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಈಚೆಗೆ ಅವರ ಮಗಳು ಕೃಪಾಳ ಮದುವೆಯಾಯಿತು. ಆರತಿಯ ಹೊತ್ತಿಗೆ ಗುರುರಾಜರ ಹೆಂಡತಿ ಕೃಷ್ಣಮ್ಮ ಒಂದು ಹಾಡು ಹೇಳಿದರು. ಅಡುಗೆಮನೆಯ ಕುಕ್ಕರ್ ಬಿಟ್ಟರೆ ಅವರ ಹಾಡನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಇಡೀ ಛತ್ರ ಸುಮ್ಮನಾಗಿ ಕೇಳಿತು. ಆದರೆ ವಿಡಿಯೋ ಬಂದಾಗ ನೋಡಿದರೆ ಕೃಷ್ಣಮ್ಮನ ಬಾಯಿ ಆಡುತ್ತಿದೆ, ಕೇಳಿಸುವುದು ಮಾತ್ರ ಕೊಳಲು! ಫೋಟೋಗ್ರಾಫರ್ ಭಾನುಪ್ರಕಾಶ್ ಹಾಡು ತೆಗೆದು ಮ್ಯೂಸಿಕ್ ತುಂಬಿಸಿದ್ದ. ಕೃಷ್ಣಮ್ಮ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಫೋನಿನಲ್ಲಿ ಬೈಸಿಕೊಂಡ ಭಾನುಪ್ರಕಾಶ್ ಹಾರ್ಡ್‌ಡಿಸ್ಕ್ ಹಿಡಿದು ಓಡಿಬಂದ. "ಒರಿಜಿನಲ್ ಎಲ್ಲಾ ಇದ್ರಲ್ಲಿದೆ ಸಾರ್. ಹಾಡು ಯಾವ ಫೈಲಲ್ಲಿದೆಯೋ ಗೊತ್ತಿಲ್ಲ, ಪೂರ್ತಿ ಕಾಪಿ ಮಾಡ್ಕೊಳ್ಳಿ. ನಂಗೆ ಟೈಮಿರೋದು ನಲವತ್ತೇ ನಿಮಿಷ. ಆಮೇಲೆ ಚಂದಾಪುರದ ರಿಸೆಪ್ಷನ್‌ಗೆ ಹೋಗ್ಬೇಕು, ಇದನ್ನ ಅಳಿಸಿ ಅಲ್ಲಿಗೆ ಬಳಸ್ತೀನಿ."

ಗುರುರಾಜರು ಅದನ್ನು ಮುಂದಿನ ಕಪ್ಪು ಪೋರ್ಟಿಗೆ ಸಿಕ್ಕಿಸಿದರು. ಇನ್ನೂ ಒಂದೂವರೆ ಗಂಟೆ ಬೇಕೆಂದು ಪರದೆ ತೋರಿಸಿತು.

"ಹಿಂದಿನ ನೀಲಿಗೆ ಹಾಕ್ರೀ," ಎಂದೆ.

"ಅದು ಮುಖ್ಯವಾದ್ದಕ್ಕೆ ಅಂತ ಇಟ್ಟಿರೋದು ಕಣ್ರೀ," ಎಂದರು ಗುರುರಾಜರು.

ಕೃಷ್ಣಮ್ಮ ಕೈಯಲ್ಲಿದ್ದ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟರು. ಕುಕ್ಕಲಿಲ್ಲ, ಮೆಲ್ಲಗೇ ಇಟ್ಟರು. ನನಗೆ ಹೆದರಿಕೆಯಾದದ್ದೇ ಅದಕ್ಕೆ. ಮರುಕ್ಷಣ ಗುರುರಾಜರು ಮೇಜಿನಡಿಗೆ ನುಸುಳಿದ್ದರು.

ಹತ್ತು ವರ್ಷದ ಟೇಪು ಉಗುರಿಗೆ ಬಗ್ಗಲಿಲ್ಲ. ಕೃಷ್ಣಮ್ಮ ಈಳಿಗೆಮಣೆ ತರಲು ಎದ್ದರು, ನಾನು ಕೈಮುಗಿದು ಕೂರಿಸಿದೆ. ಕೊನೆಗೆ ಗಡ್ಡದ ಬ್ಲೇಡಿನಲ್ಲಿ ಕೆರೆದು ಬಿಡಿಸಿದ್ದಾಯಿತು. ಡಿಸ್ಕನ್ನು ನೀಲಿಗೆ ಸಿಕ್ಕಿಸಿದರು. ಇಪ್ಪತ್ತೆರಡು ನಿಮಿಷಕ್ಕೆ ಎಲ್ಲ ಮುಗಿಯಿತು. "ಇಷ್ಟು ಸ್ಪೀಡಾ!" ಎಂದು ಕೂತ ಗುರುರಾಜರ ಮುಖ ನೋಡಿ ನನಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು.

ಭಾನುಪ್ರಕಾಶ್ ಹೋದ ಕೂಡಲೇ ಅವರು ಕಂಪ್ಯೂಟರ್ ಆಫ್ ಮಾಡಲು ಹೋದರು. "ಭಾನುವಾರ ಕೃಪಾ ಬರ್ಲಿ, ಎಲ್ರೂ ಕೂತ್ಕೊಂಡು ನೋಡೋಣ. ಅಲ್ಲೀವರೆಗೂ ಹಾಗೇ ಇರ್ಲಿ."

ಕೃಷ್ಣಮ್ಮ ಕುರ್ಚಿ ಎಳೆದುಕೊಂಡು ಕೂತರು. "ನಂಗೆ ಅರವತ್ತೊಂದು ವರ್ಷ ಆಯ್ತು ರೀ. ಈಗ್ಲೇ ಹಾಕಿ."

ತಡಕಾಡಿದ ಮೇಲೆ ಹದಿನೇಳನೇ ಫೈಲಿನಲ್ಲಿ ಹಾಡು ಸಿಕ್ಕಿತು. ಎರಡನೇ ಸಲ ಕೇಳುವಾಗ ಗುರುರಾಜರ ಕಣ್ಣಲ್ಲಿ ನೀರು. "ಇಷ್ಟು ಚೆನ್ನಾಗಿ ಹಾಡ್ತೀಯ, ಇಷ್ಟು ವರ್ಷ ಯಾಕೆ ಹಾಡ್ಲಿಲ್ಲ ನೀನು?"

"ಹಾಡು ಅಂತ ನೀವು ಒಂದಿನ ಆದ್ರೂ ಕೇಳಿದ್ರಾ?" ಎಂದರು ಕೃಷ್ಣಮ್ಮ.

ಗುರುರಾಜರು ಹಾಡನ್ನು ಮೂರನೇ ಸಲ ಹಾಕಿದರು.